ಹುಳದ ಮನೆಯ ಕತ್ತಲು

ಸೀಗೆದೊಡ್ಡಿಯ ರಾತ್ರಿಯನ್ನು ಫ್ಯಾಕ್ಟರಿಯವರು ಹೊತ್ತುಕೊಂಡು ಹೋದರು ಎಂದು ವೆಂಕಟಲಕ್ಷ್ಮಮ್ಮ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಹೇಳುವುದೇನು ಬಂತು, ಬೈಯುತ್ತಿದ್ದಳು. ಹಾರೋಹಳ್ಳಿ ಕಡೆಯಿಂದ ಒಂದೊಂದೇ ಹೊಲ ನುಂಗುತ್ತಾ ಬಂದ ಇಂಡಸ್ಟ್ರಿಯಲ್ ಏರಿಯಾ ಕೊನೆಗೆ ಅವಳ ಹಿತ್ತಲಿಗೇ ಬಂದು ನಿಂತಿತ್ತು. ಹಿತ್ತಲಿನಾಚೆ ಕಾಂಪೌಂಡು, ಕಾಂಪೌಂಡಿನ ಮೂಲೆಗೆ ತೆಂಗಿನಮರಕ್ಕಿಂತ ಎತ್ತರದ ಕಂಬ, ಕಂಬದ ತುದಿಗೆ ಸುತ್ತಲೂ ದೀಪ. ಹೊತ್ತು ಮುಳುಗುವ ಮೊದಲೇ ಹತ್ತಿಕೊಂಡರೆ, ಬೆಳಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬರುವವರೆಗೂ ಆರುತ್ತಿರಲಿಲ್ಲ. ಊರಿನ ಕರೆಂಟು ಹೋದರೂ ಅದು ಹೋಗುತ್ತಿರಲಿಲ್ಲ, ಅವರಿಗೆ ಜನರೇಟರ್ ಇತ್ತು. ಸೀಗೆದೊಡ್ಡಿಯವರು ಸೀಮೆಎಣ್ಣೆ ಬುಡ್ಡಿ ಹಚ್ಚಿಕೊಂಡು ಕೂತಾಗಲೂ ಕಂಬದ ಬೆಳಕು ಹೆಂಚಿನ ಸಂದಿಯಿಂದ ಇಳಿದು ಬಂದು, ನೆಂಟರ ಹಾಗೆ ಹಾಸಿಗೆಯ ಮೇಲೇ ಕೂತುಬಿಡುತ್ತಿತ್ತು.

ಸುಳ್ಳು ಯಾಕೆ ಹೇಳಬೇಕು, ಮೊದಮೊದಲು ಊರೇ ಖುಷಿಪಟ್ಟಿತ್ತು. ಹೆಂಗಸರು ಚೊಂಬು ಹಿಡಿದು ಹೊಲದ ಕಡೆ ಹೋಗುವಾಗ ಹಾವಿನ ಭಯ ತಪ್ಪಿತು. ಮಕ್ಕಳು ಜಗಲಿಯಲ್ಲೇ ಕೂತು ಓದಿದವು. ಸ್ವತಃ ವೆಂಕಟಲಕ್ಷ್ಮಮ್ಮನೇ ಅದರ ಕೆಳಗೆ ಹಿಪ್ಪುನೇರಳೆ ಸೊಪ್ಪು ಬಿಡಿಸಿಕೊಂಡು, "ಪುಕ್ಸಟ್ಟೆ ಬೆಳಕು ಕಣ್ರೇ, ಬಿಲ್ಲಿಲ್ಲ ಗಿಲ್ಲಿಲ್ಲ" ಎಂದು ನಕ್ಕಿದ್ದುಂಟು. ಆಮೇಲಾಮೇಲೆ ಕೋಳಿ ಹೊತ್ತುಗೊತ್ತಿಲ್ಲದೆ ಕೂಗತೊಡಗಿತು. ಹಸುಗಳು ಕೊಟ್ಟಿಗೆಯಲ್ಲಿ ಮಲಗದೆ ನಿಂತೇ ಇದ್ದವು. ಬೇಲಿಯ ಮೇಲೆ ಕೂರುತ್ತಿದ್ದ ಮಿಂಚುಹುಳ ಒಂದು ವರ್ಷ ಕಡಿಮೆಯಾದವು, ಮರುವರ್ಷ ಬರಲೇ ಇಲ್ಲ. ಅವು ಯಾವಾಗ ಹೋದವೆಂದು ಯಾರೂ ಗಮನಿಸಿರಲಿಲ್ಲ.

ಅವಳಿಗೆ ಹಳೆಯ ರಾತ್ರಿಗಳ ನೆನಪು ಬಂದರೆ ಮಾತು ನಿಲ್ಲುತ್ತಿರಲಿಲ್ಲ. ಅಮಾವಾಸ್ಯೆಯ ದಿನ ಅಂಗಳಕ್ಕೆ ಇಳಿದರೆ ತನ್ನ ಕೈ ತನಗೆ ಕಾಣುತ್ತಿರಲಿಲ್ಲ. ಆ ಕತ್ತಲಲ್ಲಿ ಅವಳ ಅತ್ತೆ ಬೇಲಿ ಸವರಿಕೊಂಡೇ ತೋಟದಾಚೆಯ ರೇಷ್ಮೆಹುಳದ ಮನೆಗೆ ಹೋಗಿ, ವಾಸನೆಯಲ್ಲೇ ಯಾವ ತಟ್ಟೆಯ ಹುಳಕ್ಕೆ ಸೊಪ್ಪು ಸಾಲದು ಎಂದು ಹೇಳುತ್ತಿದ್ದರು. ಊಟವಾಯಿತೋ, ಒಂದೆರಡು ಮಾತಾಯಿತೋ, ಊರಿಗೆ ಊರೇ ಮಗ್ಗುಲಾಗುತ್ತಿತ್ತು. ಎಂಥಾ ನಿದ್ದೆ ಅದು! ಕಲ್ಲು ಹೊತ್ತುಹಾಕಿದರೂ ಎಚ್ಚರವಾಗದ ನಿದ್ದೆ. ಲೋಕೇಶ ಹೊಟ್ಟೆಯಲ್ಲಿದ್ದಾಗ ಅವಳು ಹಾಗೆ ಮಲಗಿ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಬೆಳಗು ಮಾಡಿದ್ದಳು. ಆಗ ಅದೊಂದು ಭಾಗ್ಯವೆಂದು ಅವಳಿಗೆ ಹೊಳೆದಿರಲಿಲ್ಲ.

ಈಗ ಲೋಕೇಶನ ಹೆಂಡತಿ ನವ್ಯಶ್ರೀಗೆ ಏಳು ತಿಂಗಳು ನಡೆಯುತ್ತಿತ್ತು. ಇದು ಎರಡನೆಯದು. ಮೊದಲನೆಯದು ತವರಿನಲ್ಲಿ, ಬಿಡದಿಯ ಕಡೆ, ದಿನ ತುಂಬುವ ಮೊದಲೇ ಹುಟ್ಟಿ ಸಂಜೆಯವರೆಗೂ ಉಳಿಯಲಿಲ್ಲ. ಆ ಹುಡುಗಿ ಮೂರು ತಿಂಗಳು ಯಾರ ಜೊತೆಗೂ ಮಾತಾಡಿರಲಿಲ್ಲ. ತಾಯಿಯೂ ತೀರಿಕೊಂಡಿದ್ದರಿಂದ ಈ ಸಲದ ಬಾಣಂತನ ಸೀಗೆದೊಡ್ಡಿಯಲ್ಲೇ ಎಂದಾಗಿತ್ತು. "ಈ ಕೂಸು ಉಳೀಬೇಕು ಕಣಪ್ಪಾ ಮುನೇಶ್ವರ, ನನ್ ತಲೆ ಬೇಕಾದ್ರೂ ತಕೋ" ಎಂದು ವೆಂಕಟಲಕ್ಷ್ಮಮ್ಮ ಹರಕೆ ಹೊತ್ತಿದ್ದಳು. ಅವಳು ಸೊಸೆಯ ಮೇಲೆ ರೇಗುತ್ತಿದ್ದಳು, ಗದರುತ್ತಿದ್ದಳು, ಆದರೆ ಪ್ರಾಣ ಇಟ್ಟುಕೊಂಡಿದ್ದಳು.

ನವ್ಯಳ ಕಷ್ಟವೇನೆಂದರೆ ನಿದ್ದೆಯಿಲ್ಲ. ಮಗ್ಗುಲು ಬದಲಿಸಿದರೆ ಬೆಳಕು, ಸೆರಗು ಮುಚ್ಚಿಕೊಂಡರೆ ಸೆಕೆ. ಕಣ್ಣ ಕೆಳಗೆ ಮಸಿ ಬಳಿದಂತಾಗಿತ್ತು. ಅದೇ ಫ್ಯಾಕ್ಟರಿಯ ಪ್ಯಾಕಿಂಗಿನಲ್ಲಿದ್ದ ಲೋಕೇಶ ಒಂದು ದಿನ ಧೈರ್ಯ ಮಾಡಿ ಸೂಪರ್‌ವೈಸರ್ ಹತ್ತಿರ, ಆ ಕಡೆಯ ದೀಪ ಒಂದನ್ನಾದರೂ ಆಚೆಗೆ ತಿರುಗಿಸಿ ಸಾರ್ ಎಂದು ಕೇಳಿದ್ದ. "ನಿಮ್ಮನೇನೇ ಆಚೆಗೆ ತಿರುಗಿಸ್ಕೊಳ್ರೀ" ಎಂಬ ಉತ್ತರ ಸಿಕ್ಕಿತ್ತು. ಅವನು ಅದನ್ನು ಮನೆಯಲ್ಲಿ ಹೇಳುವಾಗ ನಕ್ಕ, ಆದರೆ ಮುಖ ಚಿಕ್ಕದಾಗಿತ್ತು.

ತಿಂಗಳ ತಪಾಸಣೆಗೆ ಅತ್ತೆ ಸೊಸೆ ಕನಕಪುರಕ್ಕೆ ಹೋದರು. ಅಲ್ಲಿ ಸಣ್ಣ ನರ್ಸಿಂಗ್ ಹೋಮ್ ಇಟ್ಟುಕೊಂಡಿದ್ದ ಗಿರಿಜಾಂಬ ಡಾಕ್ಟರು ವಯಸ್ಸಾದವರು, ಬೈದೇ ಮದ್ದು ಕೊಡುವವರು ಎಂದು ಹೆಸರು. ಮಗುವಿನ ತೂಕ ಕಡಿಮೆ ಎಂದರು. ನಿದ್ದೆಯ ವಿಷಯ ಕೇಳಿದರು, ಕಂಬದ ವಿಷಯವನ್ನೂ ಕೇಳಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮ, ಕತ್ತಲಾದ ಕೂಡಲೇ ನಮ್ಮ ತಲೆಯೊಳಗೆ ಒಂದು ರಸ ಹುಟ್ಟುತ್ತೆ. ಮೆಲಟೋನಿನ್ ಅಂತಾರೆ. ಬೆಳಕು ಬಿದ್ರೆ ಅದು ಹುಟ್ಟಲ್ಲ. ಹೊಟ್ಟೆಯಲ್ಲಿರೋ ಮಗುಗೆ ಅದನ್ನ ಮಾಡ್ಕೊಳ್ಳೋ ಶಕ್ತಿ ಇಲ್ಲ. ತಾಯಿ ರಕ್ತದಿಂದ ಕರುಳಬಳ್ಳಿಯಲ್ಲಿ ಇಳಿದು ಹೋಗ್ಬೇಕು. ಈಗ ಹೊರಗೆ ರಾತ್ರಿ ಆಯ್ತು, ಈಗ ಹಗಲಾಯ್ತು ಅಂತ ಆ ಮಗುಗೆ ತಿಳಿಸೋದೇ ಅದು. ಬೆಳೀತಾ ಇರೋ ಮಿದುಳಿಗೆ ಕಾವಲು ಇದ್ದ ಹಾಗೂ ಹೌದು."

"ಅಂದ್ರೆ ಇವ್ಳು ಮಲಗ್ದಿದ್ರೆ ಮಗುಗೆ ರಾತ್ರಿನೇ ಆಗಾಕಿಲ್ವಾ ಡಾಕ್ಟ್ರಮ್ಮ?"

"ಹೆಚ್ಚುಕಡಿಮೆ ಹಾಗೇ ಅಂತಿಟ್ಕೊ. ಇನ್ನೂ ಓದ್ತಾ ಇದ್ದಾರೆ ಇದನ್ನ, ಎಲ್ಲಾ ಗೊತ್ತಾಗಿಲ್ಲ. ಹೋದ ಸಲದ್ದು ಇದರಿಂದ್ಲೇ ಆಯ್ತು ಅಂತ ನಾನು ಹೇಳಲ್ಲ, ನೀನೂ ಹೇಳ್ಬೇಡ. ಆದ್ರೆ ಇವಳಿಗೆ ಕತ್ತಲು ಬೇಕು. ಕತ್ತಲು ಕೊಡು."

ಕತ್ತಲು ಕೊಡು. ಆ ಮಾತು ವೆಂಕಟಲಕ್ಷ್ಮಮ್ಮನ ಕಿವಿಯಲ್ಲಿ ನಿಂತುಬಿಟ್ಟಿತು. ಬಸ್ಸಿನಲ್ಲಿ ಬರುವಾಗ ಅವಳು ಕಿಟಕಿಯ ಕಡೆ ನೋಡುತ್ತಾ ತನ್ನಷ್ಟಕ್ಕೆ ನಗುತ್ತಿದ್ದಳು. ಇದಕ್ಕೆ ಡಾಕ್ಟರು ಬೇಕಿತ್ತೇ! ಕತ್ತಲು ಕೊಡುವ ವಿದ್ಯೆ ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ರೇಷ್ಮೆ ಸಾಕುವವರಿಗೆಲ್ಲ ಗೊತ್ತಿರುವ ಕೆಲಸ ಅದು. ತಂದ ಹಾಳೆಯ ಮೊಟ್ಟೆಗಳ ಮೇಲೆ ಚುಕ್ಕೆ ಮೂಡಿ, ಮೊಟ್ಟೆ ನೀಲಿಗೆ ತಿರುಗಿದರೆ ಒಳಗೆ ಹುಳ ತಯಾರಾಯಿತು ಎಂದು ಅರ್ಥ. ಆಗ ಹಾಳೆಯನ್ನು ಕಪ್ಪು ಬಟ್ಟೆಯಲ್ಲಿ ಸುತ್ತಿ ಕತ್ತಲಲ್ಲಿ ಇಡಬೇಕು. ಒಳಗೆ ಅವಸರದವು ಕಾಯುತ್ತವೆ, ಸೋಮಾರಿಗಳು ಬಂದು ಕೂಡಿಕೊಳ್ಳುತ್ತವೆ. ಒಂದು ಬೆಳಗ್ಗೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದರೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ, ಒಂದೇ ಸಮ, ಒಂದೇ ಬಲ. ಆ ಎಳೆಹುಳ ಸಾಕುವುದಕ್ಕೆ ಚಾಕಿ ಕಟ್ಟುವುದು ಎನ್ನುತ್ತಾರೆ. ನಡುವೆ ಬೆಳಕು ಕಂಡರೆ ಕೆಟ್ಟಿತು: ಇವತ್ತು ನಾಲ್ಕು, ನಾಳೆ ನಾಲ್ಕು. ಕಂಬ ಬಂದ ವರ್ಷ ಅವಳ ಮನೆಯಲ್ಲೂ ಒಂದು ಬೆಳೆ ಹಾಗೆ ಹೆಚ್ಚುಕಮ್ಮಿಯಾಗಿ, ಎದುರುಮನೆಯ ಸರಸಮ್ಮ ಬೀದಿಯಲ್ಲಿ ನಿಂತು ನಕ್ಕಿದ್ದಳು. ಇಬ್ಬರಿಗೂ ರೇಷ್ಮೆಯ ವಿಷಯದಲ್ಲಿ ಹಾವು ಮುಂಗುಸಿ. ಗೂಡು ಯಾರದು ಗಟ್ಟಿ, ಸೊಪ್ಪು ಯಾರದು ಹಸಿರು, ಇದೇ ಜಗಳ ಇಪ್ಪತ್ತು ವರ್ಷದಿಂದ.

ಮರುದಿನವೇ ವೆಂಕಟಲಕ್ಷ್ಮಮ್ಮ ನಡುಮನೆಯ ಪಕ್ಕದ ಕೋಣೆಯನ್ನು ಖಾಲಿ ಮಾಡಿಸಿದಳು. ಸೂರಿನ ಗಾಜಿನ ಹೆಂಚಿಗೆ ಗೋಣಿಚೀಲ ಹೊದಿಸಿ ಮೇಲೆ ಕಲ್ಲು ಇಡಿಸಿದಳು. ಕಿಟಕಿಗೆ ಮೊಟ್ಟೆ ಸುತ್ತುವ ಕಪ್ಪು ಬಟ್ಟೆ ಎರಡು ಪದರ. ಹೆಂಚಿನ ಸಂದಿಗೆಲ್ಲ ಕಪ್ಪು ಪ್ಲಾಸ್ಟಿಕ್ಕು. ಬಾಗಿಲಿಗೆ ಕಂಬಳಿ. ಒಳಗೆ ನಿಂತರೆ ಮಧ್ಯಾಹ್ನವೇ ಅಮಾವಾಸ್ಯೆ.

"ಅತ್ತೆ, ನಾನೇನು ಹುಳವಾ?" ನವ್ಯ ಬಾಗಿಲಲ್ಲಿ ನಿಂತು ಕೇಳಿದಳು. ಪಿಯುಸಿ ಓದಿದವಳು, ನಗೆಚಾಟಿಕೆಯ ಹುಡುಗಿ.

"ಹುಳಕ್ಕಿಂತ ಹೆಚ್ಚು ಕಣವ್ವ. ಸುಮ್ಕೆ ಒಳಗ್ ನಡಿ."

"ರಾತ್ರಿ ಮಾತ್ರ ಅಲ್ವಾ?"

"ರಾತ್ರಿನೂವೆ, ಹಗ್ಲೂವೆ. ಎಷ್ಟ್ ಕತ್ಲು ಬಿದ್ರೆ ಅಷ್ಟು ಆ ರಸ ಇಳೀತದೆ. ಇಷ್ಟ್ ದಿವ್ಸದ್ದು ಬಾಕಿ ಐತಲ್ಲ, ಅದೂ ತುಂಬ್ಬೇಕು. ದಿನ ತುಂಬಿದ್ಮೇಲೆ ಒಂದ್ ದಪ ಬೆಳಕಿಗೆ ಬಂದ್ರೆ ಕೂಸು ಗುಂಡ್ಕಲ್ಲಂಗೆ ಆಚೆಗ್ ಬತ್ತದೆ, ನೋಡ್ತಿರು."

ಲೋಕೇಶ ಗೊಣಗಿದ. "ಅವ್ವ, ಡಾಕ್ಟ್ರು ಇಡೀ ದಿನ ಅಂತ ಅಂದ್ರಾ?"

"ನೀನೇನ್ಲಾ ಕಂಡೆ? ಇಪ್ಪತ್ತೈದ್ ವರ್ಷ ಮೊಟ್ಟೆ ಕಾಪಾಡಿರೋಳು ನಾನು. ಓಗು, ನಿನ್ ಫ್ಯಾಕ್ಟ್ರಿ ನೋಡ್ಕೋ ಓಗು."

ಅವಳ ಗಂಡ ಮುನಿಯಪ್ಪ ಬೀಡಿ ಹಚ್ಚುತ್ತಾ "ಹೂಂ" ಎಂದ. ಅವನ ಜೀವಮಾನದ ಮುಕ್ಕಾಲು ಮಾತು ಆ ಹೂಂನಲ್ಲೇ ಮುಗಿದಿತ್ತು.

ನವ್ಯ ಯಾಕೆ ಒಪ್ಪಿದಳು ಎಂದು ಕೇಳಬಹುದು. ಒಂದು ಕೂಸನ್ನು ಮಣ್ಣಿಗೆ ಕೊಟ್ಟವಳು ಯಾರು ಏನು ಹೇಳಿದರೂ ಮಾಡುತ್ತಾಳೆ. ಅವಳು ಒಳಗೆ ಹೋದಳು. ಊಟ ಒಳಕ್ಕೇ ಹೋಯಿತು, ಮುದ್ದೆ, ಸೊಪ್ಪಿನ ಸಾರು, ಲೋಟದ ತುಂಬ ಹಾಲು. ಸ್ನಾನಕ್ಕೆ ಬಂದಾಗಲೂ ತಲೆಯ ಮೇಲೆ ಕಪ್ಪು ಬಟ್ಟೆ ಹೊದಿಸಿ ಕೈಹಿಡಿದು ನಡೆಸುತ್ತಿದ್ದಳು ಅತ್ತೆ. ಸರಸಮ್ಮ ಬೀದಿಯಿಂದಲೇ ಕೂಗಿದಳು: "ಏನ್ ಲಕ್ಷ್ಮಕ್ಕ, ಸೊಸೇನ ಚಾಕಿ ಕಟ್ಟಿದ್ದೀಯಂತೆ! ಗೂಡು ಯಾವಾಗ?" ವೆಂಕಟಲಕ್ಷ್ಮಮ್ಮ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಮೊದಲ ಎರಡು ದಿನ ನವ್ಯ ಹೆಣದ ಹಾಗೆ ಮಲಗಿದ್ದಳಲ್ಲ, ಅಷ್ಟು ಸಾಕಾಗಿತ್ತು. ಗೆದ್ದೆ ಎಂದುಕೊಂಡಳು.

ಆದರೆ ಮೂರನೆಯ ದಿನದಿಂದ ಲೆಕ್ಕ ತಪ್ಪಿತು. ನವ್ಯ ಬೆಳಗ್ಗೆ ಎದ್ದು ರಾತ್ರಿಯ ಊಟ ಕೇಳಿದಳು. ಮಧ್ಯಾಹ್ನ ಬೆಳಗಾಯಿತೇ ಎಂದಳು. ಮಲಗುವ ಹೊತ್ತಿಗೆ ಕಣ್ಣು ಬಿಟ್ಟು ಕೂತಿರುತ್ತಿದ್ದಳು, ಕೂತಲ್ಲೇ ಜೊಂಪು ಹತ್ತಿ ಬೆಚ್ಚಿ ಏಳುತ್ತಿದ್ದಳು. ಮುದ್ದೆ ಮುರಿದು ಹಾಗೇ ಬಿಡುತ್ತಿದ್ದಳು. ಗಾಳಿಯಾಡದ ಕೋಣೆಯಲ್ಲಿ ಬೆವರು ಹರಿದು ಕುತ್ತಿಗೆಯೆಲ್ಲ ಗುಳ್ಳೆ ಎದ್ದಿತು. "ಒಗ್ಗಬೇಕು ಕಣವ್ವ, ಒಸಿ ದಿನ" ಎನ್ನುತ್ತಿದ್ದಳು ಅತ್ತೆ, ಬೀಸಣಿಗೆ ಬೀಸುತ್ತಾ. ಬೀಸುವ ಕೈಗೆ ಮಾತ್ರ ಅನುಮಾನ ಶುರುವಾಗಿತ್ತು.

ಆ ವಾರ ಮುಗಿಯುವ ಮೊದಲು ಒಂದು ಬೆಳಗ್ಗೆ ಅವಳು ಕಾಫಿ ಹಿಡಿದು ಒಳಗೆ ಹೋದಾಗ ನವ್ಯ ಗೋಡೆಗೆ ಒರಗಿ ಕೂತಿದ್ದಳು.

"ಅತ್ತೆ, ಈಗ ಸಂಜೆನಾ?"

"ಬೆಳಗಾನ ಕಣವ್ವ, ಈಗ್ ತಾನೆ ಹಾಲ್ ಕರ್ದೆ."

"ಮಗು ಆಡ್ತಾ ಇಲ್ಲ ಅತ್ತೆ. ದಿನಾ ಸಂಜೆ ಉಂಡಮೇಲೆ ಒದೀತಿತ್ತು. ಈಗ ಸಂಜೆ ಯಾವುದು ಅಂತ ನಂಗೇ ಗೊತ್ತಾಗ್ತಿಲ್ಲ. ಎಷ್ಟೊತ್ತಿಂದ ಆಡಿಲ್ವೋ ಅದೂ ಗೊತ್ತಿಲ್ಲ." ಅಷ್ಟು ಹೇಳಿ ಆ ಹುಡುಗಿ ಅಳಲು ಶುರುಮಾಡಿದಳು. "ಇದೂ ಹೋಯ್ತಾ ಅತ್ತೆ? ಇದೂ ಹೋಯ್ತಾ?"

ಕೈಯಲ್ಲಿದ್ದ ಲೋಟ ಎಲ್ಲಿ ಇಟ್ಟಳೋ ವೆಂಕಟಲಕ್ಷ್ಮಮ್ಮನಿಗೇ ತಿಳಿಯಲಿಲ್ಲ. ಬಾಗಿಲ ಕಂಬಳಿ ಕಿತ್ತು ಎಸೆದಳು, ಕಿಟಕಿಯ ಬಟ್ಟೆ ಜಗ್ಗಿ ಹರಿದಳು. "ಲೋಕೇಶಾ! ಲೇ ಲೋಕೇಶಾ! ಗಾಡಿ ತತ್ತಾರ್ಲಾ!" ಎಂದು ಕೂಗಿದ್ದು ಊರ ಬಾಗಿಲಿಗೆ ಕೇಳಿತು. ಮೂಲೆಮನೆಯವರ ಟೆಂಪೋ ಬಂತು. ಕನಕಪುರದವರೆಗೂ ಅವಳು ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಅಂಗೈಯನ್ನು ಹೊಟ್ಟೆಯಿಂದ ತೆಗೆಯಲಿಲ್ಲ. ಪಾಪಿ ನಾನು, ಪಾಪಿ ನಾನು ಎಂದು ಒಳಗೊಳಗೇ ಅಂದುಕೊಂಡಳು. ಬಾಯಿಬಿಟ್ಟು ಹೇಳಲು ಹೆದರಿಕೆ.

ಗಿರಿಜಾಂಬ ಡಾಕ್ಟರು ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಗೊರಗೊರ ಸದ್ದು. ಆ ಕಡೆ ಸರಿಸಿದರು, ಈ ಕಡೆ ಸರಿಸಿದರು. ಆಮೇಲೆ ಇದ್ದಕ್ಕಿದ್ದಂತೆ ಹಿಟ್ಟಿನ ಗಿರಣಿಯ ಬೆಲ್ಟು ಬಡಿದ ಹಾಗೆ ಟಪಟಪ ಟಪಟಪ ಎಂದು ಕೇಳಿತು. ನವ್ಯ ಕಣ್ಣು ಮುಚ್ಚಿದಳು. ವೆಂಕಟಲಕ್ಷ್ಮಮ್ಮ ನೆಲದ ಮೇಲೇ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಅದಾದ ಮೇಲೆ ಬಿತ್ತು ನೋಡಿ ಬೈಗುಳ. ಕೋಣೆ, ಗೋಣಿಚೀಲ, ಕಪ್ಪು ಬಟ್ಟೆ ಎಲ್ಲ ಕೇಳಿ ಡಾಕ್ಟರು ಮೊದಲು ಕೆಂಡವಾದರು, ಮೊಟ್ಟೆಯ ವಿಷಯ ಬಂದಾಗ ತಡೆಯಲಾರದೆ ನಕ್ಕರು, ನಕ್ಕಿದ್ದಕ್ಕೆ ಇನ್ನಷ್ಟು ಸಿಟ್ಟು ಬಂದು ಮತ್ತೆ ಬೈದರು.

"ಅಲ್ಲಮ್ಮಾ, ಹಗಲೇ ಇಲ್ದೆ ಹೋದ್ರೆ ಅದನ್ನ ರಾತ್ರಿ ಅಂತ ಯಾರು ಕರೀತಾರೆ? ಆ ರಸ ರಾತ್ರಿ ಏರಬೇಕು, ಬೆಳಗ್ಗೆ ಇಳೀಬೇಕು. ಏರೋದೂ ಇಳಿಯೋದೂ ಕಂಡ್ರೇ ಮಗುಗೆ ಹೊತ್ತು ಗೊತ್ತಾಗೋದು. ನೀನು ಇವಳನ್ನ ಕತ್ತಲಲ್ಲೇ ಮುಳುಗಿಸಿಟ್ಟೆ. ತಾಯಿಗೇ ದಿಕ್ಕು ತಪ್ಪಿದೆ, ಇನ್ನು ಮಗು ಯಾರನ್ನ ಕೇಳ್ಬೇಕು? ಬೆಳಗ್ಗೆ ಬಿಸಿಲಲ್ಲಿ ಓಡಾಡಿಸು. ಹಗಲು ಬೆಳಕಲ್ಲಿ ಇರಿಸು. ಹೊತ್ತು ಮುಳುಗಿದ ಮೇಲೆ ಗಾಳಿ ಆಡೋ ಕಡೆ, ಕತ್ತಲಲ್ಲಿ ಮಲಗಿಸು. ನಿನ್ನ ಕಾಲದಲ್ಲಿ ಹೇಗಿತ್ತೋ ಹಾಗೆ. ಅಷ್ಟೇ ಸಾಕು."

ನಿನ್ನ ಕಾಲದಲ್ಲಿ ಹೇಗಿತ್ತೋ ಹಾಗೆ! ಎಷ್ಟು ಸುಲಭದ ಮಾತು. ವಾಪಸ್ಸು ಬರುವಾಗ ವೆಂಕಟಲಕ್ಷ್ಮಮ್ಮ ಅದನ್ನೇ ಯೋಚಿಸಿದಳು. ಹಗಲಿಗೇನು ಬರವಿರಲಿಲ್ಲ, ಸೂರ್ಯ ಇನ್ನೂ ಫ್ಯಾಕ್ಟರಿಯವರ ಆಸ್ತಿಯಾಗಿರಲಿಲ್ಲ. ಆದರೆ ರಾತ್ರಿ ಎಲ್ಲಿಂದ ತರುವುದು? ಮನೆಯ ಕಿಟಕಿ ತೆಗೆದರೆ ಕಂಬ, ಮುಚ್ಚಿದರೆ ಉಸಿರು ಕಟ್ಟುತ್ತದೆ. ಜಗಲಿಗೆ ಹೋದರೂ ಕಂಬ, ಕೊಟ್ಟಿಗೆಗೆ ಹೋದರೂ ಕಂಬ. ಬೆಳಕೂ ಬೀಳದ, ಗಾಳಿಯೂ ಆಡುವ ಜಾಗ ಅವಳ ಪಾಲಿಗೆ ಒಂದೇ ಇತ್ತು. ಅದು ಯಾವುದು ಎಂದು ಟೆಂಪೋ ಹಾರೋಹಳ್ಳಿ ದಾಟುವ ಮೊದಲೇ ಅವಳಿಗೆ ಗೊತ್ತಾಗಿತ್ತು. ಗೊತ್ತಾಗಬಾರದಿತ್ತು ಎನ್ನಿಸಿತು.

ಹುಳದ ಮನೆ. ತೋಟದ ಆಚೆ ತುದಿಯಲ್ಲಿ, ದಿಣ್ಣೆಯ ಮರೆಗೆ, ಅವಳ ಅತ್ತೆ ನಿಂತು ಕಟ್ಟಿಸಿದ ಮಣ್ಣುಗೋಡೆಯ ಮನೆ. ದಪ್ಪ ಗೋಡೆ, ತಗ್ಗಿನ ಸೂರು, ಎದುರುಬದುರು ಜಾಲರಿ ಕಿಟಕಿ. ಬೇಸಗೆಯಲ್ಲೂ ತಂಪು. ಕಂಬದ ಬೆಳಕು ದಿಣ್ಣೆಗೆ ಬಡಿದು ಅಲ್ಲಿಗೆ ನಿಲ್ಲುತ್ತಿತ್ತು. ಸೀಗೆದೊಡ್ಡಿಯ ಹಳೆಯ ರಾತ್ರಿಯಲ್ಲಿ ಉಳಿದಿದ್ದ ಒಂದು ತುಣುಕು ಅದರೊಳಗಿತ್ತು. ಮತ್ತು ಈಗ ಅದರೊಳಗೆ ಕೊನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದ ಹುಳ ತಟ್ಟೆ ತಟ್ಟೆ ತುಂಬ ಇದ್ದವು. ಇನ್ನು ಕೆಲವೇ ದಿನ ಸೊಪ್ಪು ತಿಂದರೆ ಹಣ್ಣಾಗಿ ಗೂಡು ಕಟ್ಟುವಂಥವು. ಹೊತ್ತಿಲ್ಲದ ಹೊತ್ತಿನಲ್ಲಿ ದೀಪ ಹಾಕಿ ಸೊಪ್ಪು ಕೊಡಬೇಕು, ಹಿಕ್ಕೆ ತೆಗೆಯಬೇಕು, ಆ ಗದ್ದಲದಲ್ಲಿ ಬಸುರಿ ಮಲಗುವುದು ಸಾಧ್ಯವಿರಲಿಲ್ಲ.

ಮನೆಗೆ ಬಂದವಳೇ ಸೊಸೆಯನ್ನು ಜಗಲಿಯ ಬಿಸಿಲಿಗೆ ಕೂರಿಸಿ, ಹುಳದ ಮನೆಗೆ ಹೋಗಿ ನಿಂತಳು. ಹುಳ ಸೊಪ್ಪು ಮೇಯುವ ಸದ್ದು ಕಿವಿ ತುಂಬಿತು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ಅವಳನ್ನು ಇಲ್ಲಿ ಕೂರಿಸಿ, ಒಂದು ಹುಳವನ್ನು ಅಂಗೈಯಲ್ಲಿಟ್ಟು, "ಇವು ನಿನ್ನ ಮೊದಲ್ನೇ ಮಕ್ಳು, ಹೆತ್ತವು ಆಮ್ಯಾಕೆ" ಎಂದಿದ್ದರು. ಆ ಮಾತಿಗೆ ಅವಳು ಒಂದು ಬೆಳೆಯೂ ತಪ್ಪಿಸಿರಲಿಲ್ಲ. ಲೋಕೇಶನನ್ನು ಹೆತ್ತು ಒಂದು ತಿಂಗಳಿಗೇ ಬಂದು ಸೊಪ್ಪು ಹಾಕಿದ್ದಳು. ಬಾಗಿಲಿಗೆ ಒರಗಿ ನಿಂತು ಎಷ್ಟೋ ಹೊತ್ತು ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀದಿ ದಾಟಿ, ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಹತ್ತದಿದ್ದ ಸರಸಮ್ಮನ ಹೊಸಿಲು ಹತ್ತಿದಳು.

"ಸರಸೂ, ನನ್ ಹುಳ ತಕೊಂಡ್ ಓಗು."

ಸರಸಮ್ಮ ಒನಕೆ ಹಿಡಿದ ಕೈ ಹಾಗೇ ನಿಲ್ಲಿಸಿದಳು. "ಏನಂದೆ?"

"ಹುಳ ಕಣೆ. ತಟ್ಟೆ ಸಮೇತ. ತೋಟದ್ ಸೊಪ್ಪೂ ನೀನೇ ಕುಯ್ಕೋ. ಸೊಸೇಗೆ ಆ ಮನೆ ಬೇಕು, ಮನಗಾಕೆ."

"ಹಣ್ಣಾಗೋ ಹುಳ! ಕೈಗ್ ಬಂದ್ ತುತ್ತು! ತಲೆ ಗಿಲೆ ಕೆಟ್ಟೈತಾ ನಿಂಗೆ?"

"ಕೆಟ್ಟಿತ್ತು. ಈಗ್ ಸರಿ ಆಗೈತೆ."

ಆ ಮಾತಿಗೆ ಸರಸಮ್ಮ ನಗಲಿಲ್ಲ. ಒನಕೆ ಮೂಲೆಗಿಟ್ಟಳು, "ನಡಿ" ಎಂದಳು. ಆದರೆ ಮನೆಯಲ್ಲಿ ಮುನಿಯಪ್ಪ ರಂಪ ಮಾಡಿದ. ಹೂಂ ಎನ್ನುವುದನ್ನೇ ಮರೆತು ಕೂಗಾಡಿದ. "ಆ ರಂಡೆ ಮನೇಗೆ ನಮ್ ಹುಳವಾ? ನಮ್ಮವ್ವ ಕಟ್ಸಿದ್ ಮನೆ ಅದು! ಹೆಣ್ಣೆಂಗ್ಸಿಗೆ ಮನಗಾಕೆ ಕಟ್ಸಿದ್ದಲ್ಲ!" ವೆಂಕಟಲಕ್ಷ್ಮಮ್ಮ ತಟ್ಟೆ ಎತ್ತುತ್ತಲೇ ಉತ್ತರ ಕೊಟ್ಟಳು: "ನಿಮ್ಮವ್ವ ಇದ್ದಿದ್ರೆ ಇಷ್ಟೊತ್ಗೆ ನನ್ ಮುಂಚೆ ತಟ್ಟೆ ಹೊತ್ತಿರೋಳು. ಆ ಕೊನೆ ಹಿಡ್ಕೊಳಿ, ಬಾಗ್ತಾ ಐತೆ." ಅವನು ಬೈಯುತ್ತಲೇ ಹಿಡಿದುಕೊಂಡ.

ಖಾಲಿಯಾದ ಮನೆಗೆ ಬೆಳೆಗೆ ಮೊದಲು ಔಷಧಿ ಹೊಡೆದ ವಾಸನೆ ಇನ್ನೂ ಗೋಡೆಯಲ್ಲಿತ್ತು. ಡಾಕ್ಟರಿಗೆ ಫೋನ್ ಮಾಡಿಸಿ ಕೇಳಿದರು. ತೊಳೆದು, ಸುಣ್ಣ ಹೊಡೆದು, ವಾಸನೆ ಪೂರ್ತಿ ಹೋಗುವವರೆಗೆ ಗಾಳಿ ಬಿಸಿಲಿಗೆ ಬಿಟ್ಟು ಆಮೇಲೆ ಎಂದರು. ಅಷ್ಟು ದಿನವೂ ವೆಂಕಟಲಕ್ಷ್ಮಮ್ಮ ನವ್ಯಳನ್ನು ಊರ ಕೊನೆಯಲ್ಲಿ, ಬೆಳಕು ತುಸು ಕಡಿಮೆಯಿದ್ದರೂ ಜನ ಕಿಕ್ಕಿರಿದಿದ್ದ ತನ್ನ ತಮ್ಮನ ಮನೆಯಲ್ಲಿ ಹೇಗೋ ಮಲಗಿಸಿ, ತಾನು ನೀರು ಹೊತ್ತಳು, ಗೋಡೆ ಉಜ್ಜಿದಳು, ಕಿಟಕಿ ತೆರೆದಿಟ್ಟು ಕಾದಳು.

ಆಮೇಲೆ ಒಂದು ಹೊಸ ದಿನಚರಿ ಶುರುವಾಯಿತು. ಬೆಳಗ್ಗೆ ಸೂರ್ಯ ಹುಟ್ಟುವ ಹೊತ್ತಿಗೆ ಅತ್ತೆ ಸೊಸೆ ತೋಟದ ಬದುವಿನ ಮೇಲೆ ನಡೆಯುತ್ತಿದ್ದರು. ಹಗಲೆಲ್ಲ ನವ್ಯ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಲೋ, ಬೀದಿಯವರ ಜೊತೆ ಹರಟುತ್ತಲೋ ಇರುತ್ತಿದ್ದಳು. ದೀಪ ಹತ್ತುವ ಹೊತ್ತಿಗೆ ಉಂಡು ಇಬ್ಬರೂ ಹುಳದ ಮನೆಗೆ ಹೋಗುತ್ತಿದ್ದರು. ಕತ್ತಲಲ್ಲಿ ಮಲಗಿ ಅತ್ತೆ ಹಳೆಯದೆಲ್ಲ ಹೇಳುತ್ತಿದ್ದಳು: ಅರ್ಕಾವತಿಯಲ್ಲಿ ನೀರು ಕಣ್ಣಿನಷ್ಟು ತಿಳಿಯಾಗಿದ್ದದ್ದು, ಗೂಡಿನ ಮೂಟೆ ಹೊತ್ತು ಎತ್ತಿನ ಗಾಡಿಯಲ್ಲಿ ರಾಮನಗರದ ಮಾರುಕಟ್ಟೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೂ ದೀಪ ಕಾಣದೆ ಎತ್ತುಗಳೇ ದಾರಿ ಹಿಡಿಯುತ್ತಿದ್ದದ್ದು. ನವ್ಯ ಕೇಳುತ್ತಾ ಕೇಳುತ್ತಾ ನಡುವೆಯೇ ನಿದ್ದೆ ಹೋಗುತ್ತಿದ್ದಳು. ಮಾತು ಅರ್ಧಕ್ಕೆ ನಿಂತರೂ ವೆಂಕಟಲಕ್ಷ್ಮಮ್ಮನಿಗೆ ಬೇಸರವಾಗುತ್ತಿರಲಿಲ್ಲ. ಹೊಟ್ಟೆಯ ಮಗು ಸಂಜೆಯ ಊಟ ಮುಗಿದ ಕೂಡಲೇ ಒದೆಯುವುದನ್ನು ಮತ್ತೆ ಶುರುಮಾಡಿತ್ತು. ಒಂದು ದಿನ ನವ್ಯ ಅತ್ತೆಯ ಕೈ ಹಿಡಿದು ಹೊಟ್ಟೆಯ ಮೇಲಿಟ್ಟು, "ನಿಮ್ಮ ಹಾಗೇ ಸಿಟ್ಟು ಇದಕ್ಕೆ" ಎಂದಳು.

ದಿನ ತುಂಬಿತು. ತುಂಬಿ ಒಂದು ವಾರವೂ ಮೇಲಾಯಿತು. ಕನಕಪುರದ ನರ್ಸಿಂಗ್ ಹೋಮಿನಲ್ಲಿ ಒಂದು ಬೆಳಗ್ಗೆ ಹೆಣ್ಣು ಹುಟ್ಟಿತು. ಹೊರಗೆ ಬೆಂಚಿನ ಮೇಲೆ ಕೂತಿದ್ದ ವೆಂಕಟಲಕ್ಷ್ಮಮ್ಮ ಅಳುವ ಸದ್ದು ಕೇಳಿ ಎದ್ದು ನಿಂತಳು. ಆದರೆ ಒಳಗೆ ಹೋಗಲಿಲ್ಲ, ಸಂಜೆಯವರೆಗೂ ಹೋಗಲಿಲ್ಲ. ಹೋದ ಸಲದ ಕೂಸು ಸಂಜೆಯನ್ನು ಕಂಡಿರಲಿಲ್ಲ. ಹೊತ್ತು ಇಳಿದು, ದೀಪ ಹತ್ತಿ, ನರ್ಸು ಬಂದು "ಅಜ್ಜಿ, ಮಗು ಚೆನ್ನಾಗಿ ಹಾಲು ಕುಡೀತು" ಎಂದಾಗಲೇ ಅವಳು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಳು. ಮುನಿಯಪ್ಪ ಮೊಮ್ಮಗಳನ್ನು ನೋಡಿ "ಹೂಂ" ಎಂದ, ಆ ಹೂಂ ನಡುಗಿತ್ತು.

ಮನೆಗೆ ಹೊರಡುವ ದಿನ ಗಿರಿಜಾಂಬ ಡಾಕ್ಟರು ಕರೆದು ಕೂರಿಸಿಕೊಂಡರು. "ಇನ್ನೂ ಮುಗಿದಿಲ್ಲಮ್ಮ. ಹುಟ್ಟಿದ ಮಗುಗೆ ಇನ್ನೊಂದು ಮೂರು ನಾಲ್ಕು ತಿಂಗಳು ತನ್ನದೇ ರಾತ್ರಿ ಅಂತ ಇರಲ್ಲ. ಆ ರಸ ಈಗ ತಾಯಿಯ ರಾತ್ರಿ ಹಾಲಲ್ಲಿ ಬರುತ್ತೆ. ತಾಯಿ ಕತ್ತಲಲ್ಲಿ ಮಲಗಿದ್ರೆ ತಾನೆ ಬರೋದು? ಅದೇ ಜಾಗದಲ್ಲಿ ಮುಂದುವರಿಸು, ಆಗುತ್ತಾ?"

"ಆಯ್ತದೆ ಡಾಕ್ಟ್ರಮ್ಮ" ಎಂದಳು ವೆಂಕಟಲಕ್ಷ್ಮಮ್ಮ. ಯೋಚಿಸಲೂ ಇಲ್ಲ.

ಮನೆಗೆ ಬಂದ ಮರುದಿನ ಸರಸಮ್ಮ ಬಂದಳು. ಕೈಯಲ್ಲಿ ಮೊಟ್ಟೆಯ ಹಾಳೆ. ಅವಳೇ ಮೊಟ್ಟೆ ಕೇಂದ್ರದಿಂದ ಹಿಡಿದು ತಂದಿದ್ದಳು. ಋಣ ತೀರಿಸಲು ಬಂದವಳ ಹಾಗೆ ಹೊಸಿಲಾಚೆಯೇ ನಿಂತಳು.

"ತಕೋ ಲಕ್ಷ್ಮಕ್ಕ. ಹೋದ್ ಬೆಳೆ ನಿಂದು ನಂಗ್ ಬಂತು, ಈ ಬೆಳೆ ನಿಂದೇ. ಸೊಪ್ಪು ಹುಲುಸಾಗ್ ನಿಂತೈತೆ. ಹೆರಿಗೆ ಮುಗೀತಲ್ಲ, ಮನೆ ತೊಳ್ದು ಚಾಕಿ ಕಟ್ಟು. ಆ ತಟ್ಟೆಗಳ್ನ ಹೊತ್ತಾಕ್ತೀನಿ ಈಗ್ಲೇ."

ವೆಂಕಟಲಕ್ಷ್ಮಮ್ಮ ಹಾಳೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಒಳ್ಳೆಯ ಮೊಟ್ಟೆ, ಒಂದೂ ಬಿಳಿಚಿಲ್ಲ. ಹೆಬ್ಬೆರಳು ತಾನಾಗಿ ಅದರ ಮೇಲೆ ಓಡಾಡಿತು. ಬೇಕು ಎನ್ನಿಸಿತು. ಎದೆಯೊಳಗಿಂದಲೇ ಬೇಕು ಎನ್ನಿಸಿತು. ನಾಲ್ಕು ತಿಂಗಳು ಎಂದು ಬಾಯಲ್ಲಿ ಹೇಳುವುದು ಸುಲಭ. ಕುಯ್ಯದ ಹಿಪ್ಪುನೇರಳೆ ಸೊಪ್ಪಿಗೆ ಬಾರದ ಮರವಾಗಿ ನಿಲ್ಲುತ್ತದೆ. ತೋಟದ ಪಕ್ಕದ ಹೊಲಕ್ಕೆ ಫ್ಯಾಕ್ಟರಿಯವರು ಆಗಲೇ ಕಲ್ಲು ನೆಟ್ಟಿದ್ದರು. ಒಮ್ಮೆ ಬಿಟ್ಟ ಕೈಗೆ ಮತ್ತೆ ಹುಳ ಹತ್ತುವುದಿಲ್ಲ ಎಂದು ಅವಳ ಅತ್ತೆ ಹೇಳುತ್ತಿದ್ದದ್ದು ಸುಳ್ಳಲ್ಲ, ಊರಲ್ಲಿ ಬಿಟ್ಟವರು ಯಾರೂ ಮತ್ತೆ ಹಿಡಿದಿರಲಿಲ್ಲ.

ಅವಳು ಹಾಳೆಯನ್ನು ಸರಸಮ್ಮನ ಕೈಗೇ ವಾಪಸ್ಸು ಇಟ್ಟಳು. ಕಣ್ಣಲ್ಲಿ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

"ನೀನೇ ಕಟ್ಟು. ತಟ್ಟೆನೂ ಇಟ್ಕೋ."

"ಹುಳ ಬುಟ್ಟು ನೀನು ಬದ್ಕೀಯಾ ಲಕ್ಷ್ಮಕ್ಕ?"

"ಗೊತ್ತಿಲ್ಲ ಕಣೆ," ಎಂದಳು ವೆಂಕಟಲಕ್ಷ್ಮಮ್ಮ. "ಹುಳ ಯಾರ್ ಮನೇಲಾದ್ರೂ ಬೆಳೀತದೆ. ನನ್ ಮೊಮ್ಮಗ್ಳಿಗೆ ಈ ಊರಲ್ಲಿ ರಾತ್ರಿ ಅಂತ ಆಗಾದು ಆ ಒಂದ್ ಮನೇಲೇ."